ಹೊಲಿಗೆ ಪೆಟ್ಟಿಗೆ ತೆರೆದೇ ಇದೆ: ಡೆಗಾ ಬರೆದ ಒಂದು ಕೋಣೆಯ ತನಿಖೆ

ಮೊದಲು ಕೋಣೆಯಲ್ಲಿ ಏನೇನಿದೆ ಅಂತ ನೋಡೋಣ. ಕಥೆ ಆಮೇಲೆ.

ಬಲಗಡೆ ಒಂದು ಬಾಗಿಲು. ಬಾಗಿಲಿಗೆ ಒರಗಿ ಒಬ್ಬ ಗಂಡಸು ನಿಂತಿದ್ದಾನೆ. ಕೋಟು, ಪ್ಯಾಂಟು, ಎಲ್ಲ ಸರಿಯಾಗಿ ತೊಟ್ಟಿದ್ದಾನೆ. ಕಾಲು ಅಗಲಿಸಿದ್ದಾನೆ, ಕೈ ಜೇಬಿನಲ್ಲಿದೆ. ಅವನ ನೆರಳು ಹಿಂದೆ ದೊಡ್ಡದಾಗಿ ಎದ್ದು ನಿಂತಿದೆ. ಎಡಗಡೆ ಒಬ್ಬಳು ಹೆಂಗಸು ಕುಗ್ಗಿ ಕೂತಿದ್ದಾಳೆ. ಗಂಡಸಿನ ಕಡೆ ಬೆನ್ನು. ಮೈಮೇಲೆ ಬಿಳಿ ಒಳಉಡುಪು ಮಾತ್ರ, ಅದೂ ಜಾರಿ ಒಂದು ಭುಜ ಬರಿದಾಗಿದೆ. ಮುಖ ನೆರಳಿನಲ್ಲಿದೆ. ಇಬ್ಬರ ನಡುವೆ ಒಂದು ಚಿಕ್ಕ ದುಂಡು ಮೇಜು. ಅದರ ಮೇಲೆ ಉರಿಯುತ್ತಿರುವ ದೀಪ, ಪಕ್ಕದಲ್ಲಿ ಬಾಯಿ ತೆರೆದ ಹೊಲಿಗೆ ಪೆಟ್ಟಿಗೆ. ಪೆಟ್ಟಿಗೆಯ ಒಳಗಿನ ಗುಲಾಬಿ ಬಣ್ಣದ ಅಸ್ತರಿಗೆ ದೀಪದ ಬೆಳಕು ನೇರವಾಗಿ ಬಿದ್ದಿದೆ. ಬಲಕ್ಕೆ ಒಬ್ಬರೇ ಮಲಗುವಂಥ ಕಿರಿದಾದ ಕಬ್ಬಿಣದ ಮಂಚ. ಅದರ ಕಾಲ್ದೆಸೆಯಲ್ಲಿ ಹೆಂಗಸಿನ ಮೇಲುಡುಪು. ನೆಲದ ಮೇಲೆ ಬಿದ್ದಿರುವ ಕಾರ್ಸೆಟ್, ಅಂದರೆ ಹೆಂಗಸರು ಸೊಂಟಕ್ಕೆ ಬಿಗಿದು ಕಟ್ಟುತ್ತಿದ್ದ ಒಳಉಡುಪು. ಗೋಡೆಗೆಲ್ಲ ಹೂವಿನ ಕಾಗದ. ಹಿಂದೆ ಬೆಂಕಿಗೂಡು, ಅದರ ಮೇಲೆ ಕನ್ನಡಿ. ಇನ್ನೊಂದು ವಸ್ತು ಸುಮ್ನೆ ನೋಡಿದರೆ ತಪ್ಪಿಹೋಗುತ್ತದೆ: ಗಂಡಸಿನ ಎತ್ತರದ ಟೋಪಿ. ಅದು ಅವನ ಹತ್ತಿರ ಇಲ್ಲ. ಕೋಣೆಯ ಆ ಕಡೆ, ಹೆಂಗಸಿನ ಹಿಂದಿರುವ ಡ್ರಾಯರ್ ಪೆಟ್ಟಿಗೆಯ ಮೇಲಿದೆ.

ಇದು ಫ್ರಾನ್ಸಿನ ಚಿತ್ರಕಾರ ಎಡ್ಗರ್ ಡೆಗಾ 1868–69ರ ಹೊತ್ತಿಗೆ ಬರೆದ ತೈಲಚಿತ್ರ. ಅಗಲ 114 ಸೆಂಟಿಮೀಟರ್, ಎತ್ತರ 81. ದೊಡ್ಡದೇನಲ್ಲ. ಈಗ ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ. ಹೆಸರು ‘ಒಳಾಂಗಣ’ ಅಂತ. ಆದರೆ ಇದಕ್ಕೆ ಇನ್ನೊಂದು ಹೆಸರೂ ಅಂಟಿಕೊಂಡಿದೆ: ‘ಅತ್ಯಾಚಾರ’. ಒಂದು ಹೆಸರು ಏನನ್ನೂ ಹೇಳುವುದಿಲ್ಲ, ಇನ್ನೊಂದು ಎಲ್ಲವನ್ನೂ ಹೇಳಿ ಮುಗಿಸಿಬಿಡುತ್ತದೆ.

ಚಿತ್ರ ನೋಡಿದವರಿಗೆಲ್ಲ ಹೊಟ್ಟೆಯಲ್ಲಿ ಏನೋ ತಳಮಳ ಆಗುತ್ತದೆ. ಅದು ಎಲ್ಲಿಂದ ಬರುತ್ತದೆ ಅನ್ನುವುದೇ ಈ ಪ್ರಕರಣ. ಸುಮಾರು ನೂರು ವರ್ಷ ವಿದ್ವಾಂಸರು ‘ಇಲ್ಲಿ ಏನು ನಡೆದಿದೆ’ ಅಂತ ಹುಡುಕಿದ್ದಾರೆ. ನನ್ನ ಪ್ರಕಾರ ಆ ಪ್ರಶ್ನೆಗಿಂತ ‘ಈ ಕೋಣೆಯನ್ನು ಹೇಗೆ ಜೋಡಿಸಿದ್ದಾನೆ’ ಅನ್ನುವ ಪ್ರಶ್ನೆಯಿಂದಲೇ ಜಾಸ್ತಿ ಸಿಗುತ್ತದೆ. ಆದರೆ ಮೊದಲಿನ ಪ್ರಶ್ನೆಯನ್ನು ಹಾರಿಸಿ ಹೋಗುವಂತಿಲ್ಲ. ಅದಕ್ಕೆ ಸಿಕ್ಕ ಉತ್ತರಗಳು ಎಲ್ಲೆಲ್ಲಿ ಕೈಕೊಟ್ಟವು ಅಂತ ನೋಡಿದಾಗಲೇ ಕೋಣೆಯ ಗುಟ್ಟು ಕಾಣುವುದು.

ಹೆಸರಿನ ಜಗಳವನ್ನು ಮೊದಲು ಮುಗಿಸೋಣ. ಚಿತ್ರವನ್ನು ಡೆಗಾ ದಶಕಗಳ ಕಾಲ ಯಾರಿಗೂ ಮಾರದೆ, ಪ್ರದರ್ಶನಕ್ಕೂ ಇಡದೆ ಹತ್ತಿರವೇ ಇಟ್ಟುಕೊಂಡಿದ್ದ. ಮೊದಲ ಸಲ ಜನರ ಮುಂದೆ ಬಂದಿದ್ದು 1905ರಲ್ಲಿ, ‘ಒಳಾಂಗಣ’ ಅನ್ನುವ ಹೆಸರಿನಲ್ಲಿ. ಆಗ ಅವನ ವಯಸ್ಸು ಎಪ್ಪತ್ತು ದಾಟಿತ್ತು. ಪರಿಚಯದವರಲ್ಲಿ ಕೆಲವರು ಇದನ್ನು ‘ಅತ್ಯಾಚಾರ’ ಎಂದು ಕರೆಯುತ್ತಿದ್ದರು. ಆದರೆ ಡೆಗಾನ ಸ್ನೇಹಿತ ಪಾಲ್ ಪೂಜೊ, ಎಷ್ಟೋ ವರ್ಷಗಳ ಮೇಲೆ ಬರೆದ ಪತ್ರದಲ್ಲಿ, ಆ ಹೆಸರು ಡೆಗಾನ ಬಾಯಿಂದ ಬಂದದ್ದಲ್ಲ, ಯಾರೋ ಸಾಹಿತಿಯದೋ ವಿಮರ್ಶಕನದೋ ಇರಬೇಕು ಎಂದ. ಡೆಗಾ ತನಗೆ ಚಿತ್ರ ತೋರಿಸುವಾಗ ‘ನನ್ನ ಝಾನ್ರ್ ಚಿತ್ರ’ ಎನ್ನುವ ಧಾಟಿಯಲ್ಲಿ ಮಾತಾಡಿದ್ದ, ಅಂದರೆ ದಿನನಿತ್ಯದ ಬದುಕಿನ ದೃಶ್ಯ ಬರೆಯುವ ಪ್ರಕಾರ ಇದೆಯಲ್ಲ, ಅದಕ್ಕೆ ಸೇರಿದ್ದು ಅನ್ನುವ ಹಾಗೆ. ಡೆಗಾನ ನಾಲಗೆ ಎಷ್ಟು ಮೊನಚು ಅಂತ ಗೊತ್ತಿದ್ದವರಿಗೆ, ಇದರಲ್ಲಿ ಸ್ವಲ್ಪ ಕುಹಕವೂ ಇರಬಹುದು ಅನ್ನಿಸದೆ ಇರದು. ದಿನನಿತ್ಯದ ದೃಶ್ಯವಂತೆ!

ಈಗ ಕಥೆ ಹುಡುಕಿದವರ ಸರದಿ. ಡೆಗಾನ ಗೆಳೆಯ, ಕಾದಂಬರಿಕಾರ ಎಡ್ಮೊಂ ದ್ಯುರಾಂತಿಯ ಒಂದು ಕಥೆಯೇ ಮೂಲ ಎಂದರು ಕೆಲವರು. ಎಮಿಲ್ ಜೋಲಾನ 1868ರ ಒಂದು ಕಾದಂಬರಿ ಎಂದರು ಇನ್ನು ಕೆಲವರು. ಇವೆರಡೂ ಹೆಚ್ಚು ದಿನ ನಿಲ್ಲಲಿಲ್ಲ. ನಿಂತಿದ್ದು ಕಲಾ ಇತಿಹಾಸಕಾರ ಥಿಯೊಡೋರ್ ರೆಫ್ ಅವರು 1970ರ ದಶಕದಲ್ಲಿ ಮಂಡಿಸಿದ ವಾದ. ಮೂಲ ಜೋಲಾನದೇ, ಆದರೆ ಅದರ ಹಿಂದಿನ ವರ್ಷ, 1867ರಲ್ಲಿ ಬಂದ ‘ತೆರೇಸ್ ರಕ್ಯಾಂ’ ಎಂದರು ಅವರು.

ಆ ಕಾದಂಬರಿಯಲ್ಲಿ ತೆರೇಸ್ ಮತ್ತು ಅವಳ ಪ್ರಿಯಕರ ಲೊರಾಂ ಇಬ್ಬರೂ ಸೇರಿ ತೆರೇಸ್‌ಳ ಗಂಡನನ್ನು ನೀರಿಗೆ ತಳ್ಳಿ ಸಾಯಿಸುತ್ತಾರೆ. ಅನುಮಾನ ಬರಬಾರದೆಂದು ಒಂದು ವರ್ಷಕ್ಕೂ ಹೆಚ್ಚು ಕಾದು ಮದುವೆಯಾಗುತ್ತಾರೆ. ಮೊದಲ ರಾತ್ರಿ ಲೊರಾಂ ಕೋಣೆಗೆ ಬರುತ್ತಾನೆ, ಬಾಗಿಲು ಮುಚ್ಚಿ ಅದಕ್ಕೆ ಒರಗಿ ಒಂದು ಕ್ಷಣ ನಿಲ್ಲುತ್ತಾನೆ, ಮುಂದೆ ಹೆಜ್ಜೆ ಇಡಲು ಮುಜುಗರ. ತೆರೇಸ್ ಬೆಂಕಿಗೂಡಿನ ಹತ್ತಿರ ತಗ್ಗಿನ ಕುರ್ಚಿಯಲ್ಲಿ ಕೂತಿದ್ದಾಳೆ, ತಿರುಗಿ ನೋಡುವುದಿಲ್ಲ. ಬಿಳಿ ಒಳಉಡುಪು ಜಾರಿ ಭುಜ ಕಾಣುತ್ತಿದೆ. ಇಬ್ಬರ ನಡುವೆ ಹೆಣ ಮಲಗಿದೆ ಎನ್ನುವ ಭಾವ.

ಓದಿದ ತಕ್ಷಣ ‘ಇದೇ ಅಲ್ವಾ!’ ಅನ್ನಿಸುತ್ತದೆ. ಬಾಗಿಲಿಗೆ ಒರಗಿದ ಗಂಡಸು, ತಿರುಗದ ಹೆಂಗಸು, ಜಾರಿದ ಬಟ್ಟೆ, ದೀಪ. ನನಗೂ ಈ ವಾದ ತುಂಬಾ ಇಷ್ಟ. ಹೊಲಿಗೆ ಪೆಟ್ಟಿಗೆಯನ್ನು ಕೂಡ ಇದರೊಳಗೆ ತೂರಿಸಬಹುದು: ಕಾದಂಬರಿಯಲ್ಲಿ ರಕ್ಯಾಂ ಮನೆಯವರದು ದಾರ, ಗುಂಡಿ, ಲೇಸು ಮಾರುವ ಅಂಗಡಿ.

ಆದರೆ ಮಂಚ ಒಪ್ಪುವುದಿಲ್ಲ. ಮದುವೆಯ ಮೊದಲ ರಾತ್ರಿಗೆ ಒಬ್ಬರೇ ಮಲಗುವ ಕಬ್ಬಿಣದ ಮಂಚ ಯಾರು ಹಾಕುತ್ತಾರೆ? ಜೋಲಾನ ಕೋಣೆಯನ್ನು ಅತ್ತೆ ಮುತುವರ್ಜಿ ವಹಿಸಿ ಅಲಂಕರಿಸಿದ್ದಾಳೆ. ಎಲ್ಲ ಬಿಳಿ, ಎಲ್ಲ ಸುವಾಸನೆ. ಬೆಂಕಿಗೂಡು ಧಗಧಗ ಉರಿಯುತ್ತಿದೆ, ಅದರ ಮುಂದೆ ದೀಪ ಮಂಕಾಗಿದೆ. ಡೆಗಾನ ಕೋಣೆಯಲ್ಲಿ ಆಡಳಿತವೆಲ್ಲ ದೀಪದ್ದೇ. ಕಾರ್ಸೆಟ್ ನೆಲದ ಮೇಲೆ ಬಿದ್ದಿದೆ, ನಿಧಾನಕ್ಕೆ ಬಿಚ್ಚಿಟ್ಟ ಹಾಗಿಲ್ಲ. ಇನ್ನು ಟೋಪಿ. ಗಂಡಸು ಈಗಷ್ಟೇ ಒಳಗೆ ಬಂದು ಬಾಗಿಲಿಗೆ ಒರಗಿದ್ದರೆ ಅವನ ಟೋಪಿ ಕೋಣೆಯ ಆ ತುದಿಯಲ್ಲಿ ಇರಲು ಹೇಗೆ ಸಾಧ್ಯ? ಅವನು ಒಳಗೆ ಬಂದು ಬಹಳ ಹೊತ್ತಾಗಿದೆ. ಕೋಣೆಯ ಉದ್ದಕ್ಕೂ ಓಡಾಡಿದ್ದಾನೆ. ಟೋಪಿ ಇಟ್ಟಿದ್ದಾನೆ. ಏನೋ ಆಗಿದೆ. ಆಮೇಲೆ ಬಾಗಿಲ ಹತ್ತಿರ ಬಂದು ನಿಂತಿದ್ದಾನೆ. ಅಂದರೆ ನಾವು ನೋಡುತ್ತಿರುವುದು ಬರುವ ಹೊತ್ತನ್ನಲ್ಲ, ಬಹುಶಃ ಹೊರಡುವ ಹೊತ್ತನ್ನು.

ಆದರೆ ಹೊರಡುವವನಿಗೂ ಟೋಪಿ ಬೇಕಲ್ಲ! ಅದನ್ನು ತರಲು ಅವನು ಮತ್ತೆ ಅವಳ ಪಕ್ಕದಲ್ಲೇ ಹಾದು ಹೋಗಬೇಕು. ಈ ಒಂದು ಟೋಪಿ ಎರಡೂ ದಾರಿಯನ್ನು ಕಟ್ಟಿಹಾಕಿದೆ.

2007ರಲ್ಲಿ ಇನ್ನೊಬ್ಬ ಕಲಾ ಇತಿಹಾಸಕಾರ ಫೆಲಿಕ್ಸ್ ಕ್ರೇಮರ್ ಅವರು ಇನ್ನೊಂದು ದಾರಿ ತೋರಿಸಿದರು: ಕಾದಂಬರಿ ಬಿಡಿ, ವ್ಯಂಗ್ಯಚಿತ್ರಕಾರ ಗವಾರ್ನಿಯ ಕಲ್ಲಚ್ಚಿನ ಚಿತ್ರಗಳನ್ನು ನೋಡಿ ಎಂದು. ಗವಾರ್ನಿ ಚಿತ್ರಿಸಿದ್ದು ಪ್ಯಾರಿಸ್ಸಿನಲ್ಲಿ ಹಣವಂತರ ಆಸರೆಯಲ್ಲಿ ಬದುಕುತ್ತಿದ್ದ ಹೆಣ್ಣುಮಕ್ಕಳನ್ನು. ಗವಾರ್ನಿಯ ಮುದ್ರಣಗಳ ದೊಡ್ಡ ಸಂಗ್ರಹವೇ ಡೆಗಾನ ಹತ್ತಿರ ಇತ್ತು, ಹಾಗಾಗಿ ಈ ಮಾತು ಗಾಳಿಯಲ್ಲಿ ಗುಂಡು ಹೊಡೆದಂತಲ್ಲ. ಕಿರಿದಾದ ಮಂಚ ಇಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಹೊಲಿಗೆ ಪೆಟ್ಟಿಗೆ? ಅದು ದುಡಿದು ತಿನ್ನುವ ಹುಡುಗಿಯೊಬ್ಬಳ ಕೋಣೆ ಎನ್ನುತ್ತದೆ. ಹೊಲಿಗೆ ಕೆಲಸ ಮಾಡಿಕೊಂಡು, ಸಂಬಳ ಸಾಲದೆ ಗಂಡಸರ ಕೃಪೆಗೆ ಬೀಳುವ ಹುಡುಗಿಯರು ಆ ಕಾಲದ ಪ್ಯಾರಿಸ್ಸಿನಲ್ಲಿ ಬೇಕಾದಷ್ಟು ಇದ್ದರು. ಹಾಗಾದರೆ ಎರಡೂ ಸೇರಿಕೊಂಡವೇ? ಸೇರಬಹುದು. ಆದರೆ ಆಗ ಅವಳು ಹೀಗೆ ಕುಗ್ಗಿ ಕೂತಿರುವುದೇಕೆ ಅನ್ನುವುದು ಅಲ್ಲೇ ಉಳಿಯುತ್ತದೆ.

ಇಷ್ಟು ಸಾಕು. ಒಂದೊಂದು ಕಥೆಗೂ ಕೋಣೆಯ ಮೂರು ವಸ್ತು ಒಪ್ಪುತ್ತವೆ, ನಾಲ್ಕನೆಯದು ತಕರಾರು ತೆಗೆಯುತ್ತದೆ. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಈ ಚಿತ್ರಕ್ಕೆ ಡೆಗಾ ಆಕೃತಿಗಳನ್ನೂ ಕೋಣೆಯನ್ನೂ ಬೇರೆ ಬೇರೆಯಾಗಿ ಬರೆದು ಅಭ್ಯಾಸ ಮಾಡಿದ್ದ. ಚಿತ್ರ ಮುಗಿಯುವ ಹಂತದಲ್ಲಿ ಒಬ್ಬ ಕಲಾವಿದ ಗೆಳೆಯ (ಜೇಮ್ಸ್ ಟಿಸ್ಸೊ ಎಂದು ವಿದ್ವಾಂಸರು ಗುರುತಿಸಿದ್ದಾರೆ) ಕೊಟ್ಟ ಸಲಹೆಗಳ ಟಿಪ್ಪಣಿ ಉಳಿದಿದೆ. ಅದರಲ್ಲಿ ದೀಪದ ಮಾತಿದೆ, ಬೆಳಕಿನ ಮಾತಿದೆ, ಕೋಣೆಯ ಸಾಮಾನಿನ ಮಾತಿದೆ. ಇಬ್ಬರು ಚಿತ್ರಕಾರರು ತಲೆಕೆಡಿಸಿಕೊಂಡಿದ್ದು ಯಾವುದು ಎಷ್ಟು ಬೆಳಗಬೇಕು, ಯಾವುದು ಎಷ್ಟು ಕತ್ತಲಲ್ಲಿರಬೇಕು ಅನ್ನುವುದರ ಬಗ್ಗೆ. ನಾಟಕದ ಹಿಂದಿನ ದಿನ ರಂಗಸಜ್ಜಿಕೆಯವರು ಆಡುವ ಮಾತು ಇದು.

ಅದು ಸುಮ್ನೆ ಹೇಳಿದ ಮಾತಲ್ಲ. ಡೆಗಾ ಒಪೆರಾ ಮತ್ತು ನಾಟಕದ ಹುಚ್ಚ. ಸುಮಾರು 1870ರಲ್ಲಿ ಅವನು ಬರೆದ ವಾದ್ಯಗಾರರ ಚಿತ್ರದಲ್ಲಿ ವೇದಿಕೆಯ ಮೇಲಿನ ನರ್ತಕಿಯರಿಗೆ ತಲೆಯೇ ಇಲ್ಲ, ಚೌಕಟ್ಟು ಕತ್ತರಿಸಿಬಿಟ್ಟಿದೆ. ಕಣ್ಣು ಎಲ್ಲಿ ಕೂತು ನೋಡುತ್ತಿದೆ ಅನ್ನುವುದು ಅವನಿಗೆ ಯಾವಾಗಲೂ ಮುಖ್ಯ. ಈ ಕೋಣೆಯಲ್ಲೂ ಹಾಗೇ. ನೆಲದ ಹಲಗೆಗಳನ್ನು ನೋಡಿ. ಅವು ನಮ್ಮ ಕಾಲಬುಡದಿಂದ ಹಿಂದಕ್ಕೆ ಕಡಿದಾಗಿ ಏರುತ್ತವೆ. ಆ ಕಾಲದ ಯುರೋಪಿನ ರಂಗಮಂದಿರಗಳಲ್ಲಿ ವೇದಿಕೆ ಹೀಗೇ ಹಿಂದಕ್ಕೆ ಎತ್ತರವಾಗುತ್ತಿತ್ತು, ಮುಂದೆ ಕೂತವರಿಗೂ ಹಿಂದಿನ ನಟರು ಕಾಣಲಿ ಅಂತ. ನಾಲ್ಕನೆಯ ಗೋಡೆ ಇಲ್ಲ, ಅಲ್ಲಿ ನಾವಿದ್ದೇವೆ. ನಟರಿಬ್ಬರೂ ಎರಡು ಅಂಚಿಗೆ ಸರಿದಿದ್ದಾರೆ. ನಡುವೇದಿಕೆ ಖಾಲಿ. ನಾಟಕದಲ್ಲಿ ನಡುವೇದಿಕೆ ಮುಖ್ಯ ಪಾತ್ರಕ್ಕೆ ಮೀಸಲು. ಇಲ್ಲಿ ಅದನ್ನು ಹಿಡಿದಿರುವುದು ಒಂದು ದೀಪ, ಒಂದು ಪೆಟ್ಟಿಗೆ.

ನಾವು ನೆಂಟರ ಮನೆಗೆ ಹೇಳದೆ ಕೇಳದೆ ಹೋದಾಗ, ಗಂಡ ಹೆಂಡತಿ ಜಗಳ ಆಗಷ್ಟೇ ನಿಂತಿದ್ದರೆ ಹೇಗಿರುತ್ತದೆ? ಯಾರೂ ಏನೂ ಹೇಳುವುದಿಲ್ಲ. ‘ಬನ್ನಿ, ಕೂತ್ಕೊಳ್ಳಿ’ ಅಂತಾರೆ. ಆದರೆ ಮೇಜಿನ ಮೇಲಿನ ಲೋಟ, ಅರ್ಧ ಎಳೆದ ಕುರ್ಚಿ, ಎಲ್ಲವೂ ಸಾಕ್ಷಿ ಹೇಳುತ್ತಿರುತ್ತವೆ. ಡೆಗಾ ನಮ್ಮನ್ನು ಅಂಥ ಹೊತ್ತಿಗೆ ತಂದು ನಿಲ್ಲಿಸಿದ್ದಾನೆ, ‘ಬನ್ನಿ’ ಅನ್ನುವವರೂ ಇಲ್ಲ.

ಬೆಳಕಿನ ವಿಷಯಕ್ಕೆ ಬರೋಣ, ನನಗೆ ಅತಿ ಮುಖ್ಯ ಅನ್ನಿಸುವುದು ಅದೇ. ಈ ವರ್ಷಗಳ ತನ್ನ ಟಿಪ್ಪಣಿ ಪುಸ್ತಕದಲ್ಲಿ ಡೆಗಾ ತನಗೆ ತಾನೇ ಹೇಳಿಕೊಂಡಿದ್ದಾನೆ: ಸಂಜೆಯ ಬೆಳಕಿನ ಮೇಲೆ ಚೆನ್ನಾಗಿ ಕೆಲಸ ಮಾಡಬೇಕು, ದೀಪ, ಮೇಣದಬತ್ತಿ ಇತ್ಯಾದಿ, ಬೆಳಕಿನ ಮೂಲವನ್ನೇ ಯಾವಾಗಲೂ ತೋರಿಸುವುದರಲ್ಲಿ ಮಜಾ ಇಲ್ಲ, ಬೆಳಕು ಮಾಡುವ ಪರಿಣಾಮ ತೋರಿಸಬೇಕು. ಈ ಕೋಣೆಯಲ್ಲಿ ಮೂಲವನ್ನೇ ನಡುವೆ ಇಟ್ಟಿದ್ದಾನೆ. ಆದರೆ ಪರಿಣಾಮ ನೋಡಿ. ಸಾಮಾನ್ಯವಾಗಿ ದೀಪ ಇಟ್ಟರೆ ಮುಖಗಳು ಬೆಳಗಬೇಕು. ಇಲ್ಲಿ ಗಂಡಸಿನ ಮುಖ ಮಬ್ಬು, ಹೆಂಗಸಿನ ಮುಖ ಕತ್ತಲು. ಬೆಳಗುವುದು ಅವಳ ಬೆನ್ನು, ಭುಜ, ಪೆಟ್ಟಿಗೆಯ ಗುಲಾಬಿ ಅಸ್ತರಿ. ಏನಾಯಿತು ಎಂದು ಹೇಳಬಲ್ಲ ಮುಖಗಳನ್ನು ಮುಚ್ಚಿ, ಬಾಯಿಲ್ಲದ ವಸ್ತುಗಳ ಮೇಲೆ ಬೆಳಕು ಚೆಲ್ಲಿದ್ದಾನೆ. ನಾವು ಕಥೆಗಾಗಿ ಮುಖ ಹುಡುಕುತ್ತೇವೆ, ಸಿಗುವುದಿಲ್ಲ. ಕಣ್ಣು ಪೆಟ್ಟಿಗೆಗೆ ಬಂದು ಬೀಳುತ್ತದೆ.

ಆ ಪೆಟ್ಟಿಗೆಯ ಮುಂದೆ ಸ್ವಲ್ಪ ನಿಲ್ಲಬೇಕು. ಮಂಕು ಕಂದು, ಹಸಿರು, ಹಳದಿಗಳ ಇಡೀ ಕೋಣೆಯಲ್ಲಿ ಅಷ್ಟು ಹಸಿಯಾದ ಬಣ್ಣ ಅದೊಂದೇ. ಮುಚ್ಚಳ ತೆರೆದಿದೆ, ಒಳಗಿನ ಬಿಳಿ ಬಟ್ಟೆ ಹೊರಗೆ ಇಣುಕುತ್ತಿದೆ. ಇದನ್ನು ಮೈಯ ಗುರುತು, ಕೆಡಿಸಿದ ಕನ್ಯತ್ವದ ಗುರುತು ಎಂದೆಲ್ಲ ಓದಿದವರಿದ್ದಾರೆ. ಆ ಓದು ಸುಳ್ಳಲ್ಲ, ಬಣ್ಣ ಹಾಗೆ ಕೆಣಕುತ್ತದೆ. ಆದರೆ ನನಗೆ ಅದಕ್ಕಿಂತ ಬೇರೆ ಒಂದು ವಿಷಯ ಕಾಡುತ್ತದೆ. ಹೊಲಿಗೆ ಪೆಟ್ಟಿಗೆ ತೆರೆಯುವುದು ಕೆಲಸ ಶುರು ಮಾಡುವಾಗ. ಯಾರೋ ದೀಪ ಹಚ್ಚಿ, ಪೆಟ್ಟಿಗೆ ತೆರೆದು, ಸೂಜಿಗೆ ದಾರ ಪೋಣಿಸಲು ಕೂತಿದ್ದರು. ಮಾಮೂಲಿ ಸಂಜೆ. ಆ ಸಂಜೆ ಅರ್ಧಕ್ಕೆ ನಿಂತಿದೆ. ಕೋಣೆಯಲ್ಲಿ ಹಿಂಸೆಗಿಂತ ಮೊದಲಿದ್ದ ಬದುಕಿಗೆ ಇದೊಂದೇ ಪುರಾವೆ.

ಮುಖ ತೋರಿಸದೆ ಮನಸ್ಸು ತೋರಿಸುವ ಈ ವಿದ್ಯೆ ಡೆಗಾ ಮತ್ತು ಗೆಳೆಯರು ಬೇಕೆಂದೇ ಹಿಡಿದದ್ದು. ಮೇಲೆ ಹೇಳಿದ ದ್ಯುರಾಂತಿ 1876ರಲ್ಲಿ ಹೊಸ ಚಿತ್ರಕಲೆಯ ಬಗ್ಗೆ ಒಂದು ಕಿರುಹೊತ್ತಿಗೆ ಬರೆದ. ಒಂದು ಬೆನ್ನು ನೋಡಿದರೆ ಸಾಕು, ಆ ಮನುಷ್ಯನ ಸ್ವಭಾವ, ವಯಸ್ಸು, ಅಂತಸ್ತು ತಿಳಿಯಬೇಕು ಎಂದ. ಜೇಬಿನಲ್ಲಿಟ್ಟ ಕೈಗಳೂ ಮಾತಾಡಬಲ್ಲವು ಎಂದ. ಬೆನ್ನು, ಜೇಬಿನಲ್ಲಿಟ್ಟ ಕೈ: ನಮ್ಮ ಕೋಣೆಯಲ್ಲಿ ಎರಡೂ ಇವೆ. ಒಂದು ವ್ಯತ್ಯಾಸ ಅಷ್ಟೇ. ದ್ಯುರಾಂತಿಗೆ ಬೆನ್ನು ಎಂದರೆ ಓದಬಹುದಾದ ಕಾಗದ. ಡೆಗಾನ ಈ ಹೆಂಗಸಿನ ಬೆನ್ನು ಏನೋ ಹೇಳುತ್ತದೆ, ಆದರೆ ಅಳುವೋ ನಾಚಿಕೆಯೋ ಸಿಟ್ಟೋ ಸುಸ್ತೋ ಅಂತ ಬಿಡಿಸಿ ಹೇಳುವುದಿಲ್ಲ. ಕಲಾ ಇತಿಹಾಸಕಾರ್ತಿ ಸೂಸನ್ ಸಿಡ್ಲಾಸ್ಕಸ್ ಅವರು 1993ರ ತಮ್ಮ ಪ್ರಬಂಧದಲ್ಲಿ ಈ ಚಿತ್ರ ಕಥೆಗೆ ಒಗ್ಗದೆ ಮೊಂಡು ಹಿಡಿಯುತ್ತದೆ, ಅರ್ಥ ಇರುವುದು ದೇಹಗಳು ಮತ್ತು ಜಾಗದ ನಡುವಿನ ಸಂಬಂಧದಲ್ಲಿ ಎಂದು ವಾದಿಸಿದ್ದು ಇದಕ್ಕೇ. ಈ ಪ್ರಕರಣದಲ್ಲಿ ನಾನು ಅವರ ಪಕ್ಷ.

ಹೋಲಿಸಿ ನೋಡಲು ಡೆಗಾನದೇ ಇನ್ನೊಂದು ಕೋಣೆ ಇದೆ. 1858ರಲ್ಲಿ ಶುರು ಮಾಡಿ ವರ್ಷಗಟ್ಟಲೆ ತಿದ್ದಿದ ‘ಬೆಲ್ಲೆಲ್ಲಿ ಕುಟುಂಬ’, ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಅವನ ಸೋದರತ್ತೆ ಲೌರಾ ತಂದೆ ಸತ್ತ ಶೋಕದಲ್ಲಿ ಕಪ್ಪು ಉಟ್ಟು ನೆಟ್ಟಗೆ ನಿಂತಿದ್ದಾಳೆ, ನೋಟ ಎಲ್ಲೋ ದೂರ. ಗಂಡ ಬಲಗಡೆ ಕುರ್ಚಿಯಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದಾನೆ. ನಡುವೆ ಮೇಜು, ಇಬ್ಬರು ಹೆಣ್ಣುಮಕ್ಕಳು. ಅಲ್ಲೂ ಗಂಡ ಹೆಂಡತಿ ಎರಡು ಅಂಚಿಗೆ, ಸಾಮಾನು ನಡುವೆ. ಆದರೆ ಆ ಚಿತ್ರ ಹೊಟ್ಟೆ ತೊಳಸುವುದಿಲ್ಲ. ಯಾಕೆಂದರೆ ಕಥೆ ಗೊತ್ತು: ನೇಪಲ್ಸ್‌ನಿಂದ ಗಡೀಪಾರಾಗಿ ಫ್ಲಾರೆನ್ಸ್‌ನ ಬಾಡಿಗೆ ಮನೆಯಲ್ಲಿದ್ದ ಸಂಸಾರ, ಹೊಂದಿಕೆಯಾಗದ ದಾಂಪತ್ಯ. ಗೊತ್ತಾದ ಮೇಲೆ ಮರುಕ ಬರುತ್ತದೆ, ಕಳವಳ ಹೋಗುತ್ತದೆ. ಅದೇ ಜೋಡಣೆಯಿಂದ ಕಥೆಯನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ ಅನ್ನುವುದಕ್ಕೆ ‘ಒಳಾಂಗಣ’ ಉದಾಹರಣೆ.

ಹೆಸರು ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ಡೆಗಾನನ್ನು ಮೆಚ್ಚಿಕೊಂಡಿದ್ದ ಇಂಗ್ಲಿಷ್ ಚಿತ್ರಕಾರ ವಾಲ್ಟರ್ ಸಿಕರ್ಟ್ ಪರೀಕ್ಷೆ ಮಾಡಿಯೇ ತೋರಿಸಿದ. 1907ರಲ್ಲಿ ಲಂಡನ್ನಿನ ಕ್ಯಾಮ್ಡೆನ್ ಟೌನ್‌ನಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಮುಂದಿನ ವರ್ಷಗಳಲ್ಲಿ ಸಿಕರ್ಟ್ ಕಬ್ಬಿಣದ ಮಂಚ, ಬೆತ್ತಲೆ ಹೆಂಗಸು, ಬಟ್ಟೆ ತೊಟ್ಟ ಗಂಡಸು ಇರುವ ಕೋಣೆಗಳನ್ನು ಬರೆದ. ಅದರಲ್ಲಿ ಒಂದಕ್ಕೆ ಎರಡು ಹೆಸರು: ‘ಕ್ಯಾಮ್ಡೆನ್ ಟೌನ್ ಕೊಲೆ’ ಮತ್ತು ‘ಬಾಡಿಗೆಗೆ ಏನು ಮಾಡೋಣ?’. ಮೊದಲ ಹೆಸರಿನಲ್ಲಿ ನೋಡಿದರೆ ಮಂಚದ ಅಂಚಿನಲ್ಲಿ ತಲೆ ತಗ್ಗಿಸಿ ಕೂತವನು ಕೊಲೆಗಾರ. ಎರಡನೆಯದರಲ್ಲಿ ಅವನು ಕೆಲಸ ಕಳೆದುಕೊಂಡ ಪಾಪದ ಗಂಡ. ಬಣ್ಣ ಒಂದು ಹನಿಯೂ ಬದಲಾಗಿಲ್ಲ. ಸಿಕರ್ಟ್‌ನದು ಸ್ವಲ್ಪ ಗಿಮಿಕ್ ಅಂತ ನನಗನ್ನಿಸುತ್ತದೆ, ಕೊಲೆಯ ಸುದ್ದಿಯ ಬಿಸಿಯನ್ನು ಬಳಸಿಕೊಂಡಿದ್ದಾನೆ. ಡೆಗಾ ಹಾಗೆ ಮಾಡದೆ ಮೂವತ್ತಕ್ಕೂ ಹೆಚ್ಚು ವರ್ಷ ಚಿತ್ರವನ್ನು ಒಳಗೇ ಇಟ್ಟುಕೊಂಡ.

ಹಾಗಾದರೆ ‘ಅತ್ಯಾಚಾರ’ ಎಂಬ ಹೆಸರನ್ನು ಕಸದಬುಟ್ಟಿಗೆ ಹಾಕಬಹುದೇ? ನಾನು ಹಾಕುವುದಿಲ್ಲ. ಕಥೆ ಖಚಿತವಿಲ್ಲ ಅನ್ನುವುದನ್ನೇ ನೆಪ ಮಾಡಿಕೊಂಡು, ‘ಇದು ಬರೀ ಬೆಳಕು ನೆರಳಿನ ಆಟ’ ಅಂತ ಕೈತೊಳೆದುಕೊಳ್ಳುವವರೂ ಇದ್ದಾರೆ. ಅವರು ಕೋಣೆಯನ್ನು ಸರಿಯಾಗಿ ನೋಡಿಲ್ಲ. ಜೋಡಣೆಯಲ್ಲೇ ಬಲಾಬಲ ಬರೆದಿದೆ. ಅವನು ನಿಂತಿದ್ದಾನೆ, ಅವಳು ಕೂತಿದ್ದಾಳೆ. ಅವನು ಬಟ್ಟೆ ತೊಟ್ಟಿದ್ದಾನೆ, ಅವಳ ಬಟ್ಟೆ ಮಂಚದ ಮೇಲೆ, ನೆಲದ ಮೇಲೆ ಚೆದುರಿದೆ. ಅವನು ಅವಳನ್ನು ನೋಡಬಲ್ಲ, ಅವಳು ಅವನನ್ನು ನೋಡುತ್ತಿಲ್ಲ. ಕೋಣೆಯಲ್ಲಿ ನಮಗೆ ಕಾಣುವ ಬಾಗಿಲು ಒಂದೇ, ಅದರ ಮುಂದೆ ಅವನಿದ್ದಾನೆ. ಮದುವೆಯ ರಾತ್ರಿಯೋ, ಹಣದ ವ್ಯವಹಾರವೋ, ಬರೀ ಜಗಳವೋ, ಯಾವ ಕಥೆ ತಂದು ಹಾಕಿದರೂ ಅವಳು ಎದ್ದು ಹೊರಗೆ ಹೋಗಬೇಕೆಂದರೆ ಅವನು ಸರಿಯಬೇಕು.

ಹೆಸರು ಕೊಟ್ಟವರು ಇದನ್ನು ಕಂಡಿದ್ದರು, ಅಷ್ಟರಮಟ್ಟಿಗೆ ಅವರ ಕಣ್ಣು ಸರಿಯಾಗಿಯೇ ಇತ್ತು. ಹೆಸರಿಟ್ಟ ಮೇಲೆ ಜನ ಟೋಪಿ, ಮಂಚ, ಪೆಟ್ಟಿಗೆಗಳನ್ನು ನೋಡುವುದು ಬಿಟ್ಟರು ಅನ್ನುವುದಷ್ಟೇ ನನ್ನ ತಕರಾರು. ಫಿಲಡೆಲ್ಫಿಯಾಕ್ಕೆ ಹೋಗುವವರು, ಅಥವಾ ಸಂಗ್ರಹಾಲಯದ ಜಾಲತಾಣದಲ್ಲಿ ದೊಡ್ಡದು ಮಾಡಿ ನೋಡುವವರು, ಇಬ್ಬರು ಮನುಷ್ಯರನ್ನು ಕೊನೆಗೆ ನೋಡಿ. ಮೊದಲು ನೆಲದ ಹಲಗೆಗಳಿಂದ ಶುರು ಮಾಡಿ, ಮೇಜಿಗೆ ಬನ್ನಿ, ಅಲ್ಲಿಂದ ಟೋಪಿಗೆ.